ನನ್ನ ಬದಲಿಗೆ ಹಾಕಿದ ಕೂ

ಕಿವಿ ಡಾಕ್ಟರ ಬಾಗಿಲ ಹೊರಗೆ ಕಾಯುವವರನ್ನು ಹೆಸರು ಕೂಗಿ ಕರೆಯುತ್ತಾರೆ. ಯಾರು ಯೋಚನೆ ಮಾಡಿ ಇಟ್ಟ ಪದ್ಧತಿಯೋ ನನಗೆ ಗೊತ್ತಿಲ್ಲ. ಮಂಗಳೂರಿನ ಆ ದೊಡ್ಡ ಆಸ್ಪತ್ರೆಯ ಉದ್ದನೆಯ ಹಜಾರದಲ್ಲಿ, ಕಿವಿ ಕೇಳದವರೇ ತುಂಬಿದ್ದ ಬೆಂಚುಗಳ ಮುಂದೆ, ನರ್ಸ್ ಒಬ್ಬರು ಬಾಗಿಲು ತೆರೆದು ತುಟಿ ಅಲ್ಲಾಡಿಸಿ ಮತ್ತೆ ಒಳಗೆ ಹೋಗುತ್ತಿದ್ದರು. ಅವರ ತಲೆ ಕಂಡಾಗಲೆಲ್ಲ ನಾವೆಲ್ಲ ಒಟ್ಟಿಗೆ ಅರ್ಧ ಎದ್ದು, ಪಕ್ಕದವರ ಮುಖ ನೋಡಿ, ಮತ್ತೆ ಕೂರುತ್ತಿದ್ದೆವು. ಒಬ್ಬ ಅಜ್ಜ ಪ್ರತಿ ಹೆಸರಿಗೂ ಎದ್ದು ಒಳಗೆ ಹೋಗಿ ಬೈಸಿಕೊಂಡು ಬರುತ್ತಿದ್ದರು. ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ಅವತ್ತು ನನ್ನ ಕಣ್ಣು ಅಮ್ಮನ ಮುಖ ಬಿಟ್ಟು ಕದಲಲಿಲ್ಲ. ನನ್ನ ಹೆಸರು ಬಂದರೆ ಅಮ್ಮನಿಗೆ ಕೇಳುತ್ತದೆ, ಅಮ್ಮ ತೋಳು ಹಿಡಿದು ನನ್ನನ್ನು ಎಬ್ಬಿಸುತ್ತಾಳೆ. ಅಲ್ಲಿಯವರೆಗೆ ನಾನು ಮಾಡಬೇಕಾದದ್ದು ಏನೂ ಇಲ್ಲ, ಹೆದರುವುದನ್ನು ಬಿಟ್ಟು.

ನಾನು ಹುಟ್ಟು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಯಿಲೆ ಗೆದ್ದವರು ಬರೆದದ್ದನ್ನು ಆಗ ಫೋನಿನಲ್ಲಿ ಹುಡುಕಿ ಹುಡುಕಿ ಓದುತ್ತಿದ್ದೆ. ಅದರಲ್ಲಿ ಬರುವ ಧೈರ್ಯವಂತರು ನನ್ನನ್ನು ಇನ್ನಷ್ಟು ಹೆದರಿಸುತ್ತಿದ್ದರು. ನಾನು ಏನನ್ನೂ ಗೆದ್ದಿಲ್ಲ. ನಮ್ಮ ಕಡೆಯ ಯಾವುದಾದರೂ ಕಾಲೇಜಿನ ಹಿಂದಿನ ಬೆಂಚಿನಲ್ಲಿ, ಏನೂ ಕೇಳಿಸದಿದ್ದರೂ ಕೇಳಿಸಿದ ಹಾಗೆ ತಲೆ ಆಡಿಸುತ್ತ ಕೂತಿರುವವರು ಯಾರಾದರೂ ಇದ್ದರೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮೂಡಿಗೆರೆಯಿಂದ ಒಳಗೆ ಒಂದು ಕಾಫಿ ಎಸ್ಟೇಟಿನ ಕೆಲಸದವರ ಲೈನ್ ಮನೆ. ಅಪ್ಪ ಎಸ್ಟೇಟಿನ ಪಿಕಪ್ ಓಡಿಸುತ್ತಾರೆ. ಅಮ್ಮ ಲಲಿತಾ ತೋಟದ ಕೆಲಸಕ್ಕೆ ಹೋಗುತ್ತಾಳೆ. ನಾನು ಸವಿತಾ, ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದೆ. ನಮ್ಮ ಲೈನಿನಿಂದ ಡಿಗ್ರಿಗೆ ಹೋದ ಮೊದಲ ಹುಡುಗಿ ನಾನು ಎಂದು ಪಿಕಪ್ ಹತ್ತಿದವರಿಗೆಲ್ಲ ಅಪ್ಪ ಹೇಳುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ನನಗೆ ಹೆಮ್ಮೆಗಿಂತ ದಿಗಿಲೇ ಹೆಚ್ಚಾಗುತ್ತಿತ್ತು.

ಮೊದಲ ವರ್ಷದ ಕೊನೆಯಲ್ಲಿ ಕಿವಿಯೊಳಗೆ ಗುಂಯ್ ಎನ್ನುವ ಸದ್ದು ಶುರುವಾಯಿತು. ಹಣ್ಣು ಸುಲಿಯುವ ಪಲ್ಪರಿನ ಮೋಟರು ದೂರದಿಂದ ಕೇಳಿಸುತ್ತದಲ್ಲ, ಆ ತರಹ. ಮೋಟರಾದರೆ ಸಂಜೆ ನಿಲ್ಲುತ್ತದೆ. ಇದು ನಿಲ್ಲಲಿಲ್ಲ. ಆಮೇಲೆ ಸಣ್ಣ ದನಿಗಳು ಒಂದೊಂದಾಗಿ ಹೋದವು. ತೋಟದ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ಸೋಮಣ್ಣನ ಕೆಮ್ಮು ಆಗಿನ್ನೂ ಕೇಳಿಸುತ್ತಿತ್ತು, ಅಮ್ಮ ಒಲೆ ಮುಂದಿನಿಂದ ಕರೆದದ್ದು ಕೇಳಿಸುತ್ತಿರಲಿಲ್ಲ. ಕುಕ್ಕರಿನ ಸೀಟಿ ಹೋಯಿತು. ಫೋನಿನ ರಿಂಗು ಹೋಯಿತು. ಆ ವರ್ಷ ಜೀರುಂಡೆಗಳು ಬಂದೇ ಇಲ್ಲವಲ್ಲ ಎಂದು ನಾನು ಅಮ್ಮನಿಗೆ ಹೇಳಿದೆ. ಅಮ್ಮ ನನ್ನನ್ನೇ ನೋಡಿದಳು. ಆಮೇಲೆ ಗೊತ್ತಾಯಿತು, ನಾನು ಆ ಮಾತು ಹೇಳುವ ಹೊತ್ತಿಗೆ ಹೊರಗೆ ಅವು ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತಿದ್ದವಂತೆ.

ಅಮ್ಮ ಮೊದಲು ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಬಿಟ್ಟಳು. ತಲೆದಿಂಬು ಹಾಳಾಯಿತು, ಕಿವಿಗೆ ಏನೂ ಆಗಲಿಲ್ಲ. ಪೇಟೆಯ ಡಾಕ್ಟರು ಟಾರ್ಚ್ ಬಿಟ್ಟು ನೋಡಿ ಗುಗ್ಗೆಯೂ ಇಲ್ಲ ಸೋರುವುದೂ ಇಲ್ಲ, ಮಂಗಳೂರಿಗೆ ತೋರಿಸಿ ಎಂದರು. ಗುಗ್ಗೆ ಇರಲಿ ಎಂದು ಅಷ್ಟು ಆಸೆಪಟ್ಟವರು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು.

ಕಾಲೇಜಿನಲ್ಲಿ ಈ ಅವಧಿಯಲ್ಲೆಲ್ಲ ನನ್ನನ್ನು ದಡ ಮುಟ್ಟಿಸುತ್ತಿದ್ದವಳು ಫರ್ಜಾನಾ. ಪೇಟೆಯಲ್ಲಿ ಅವಳ ಅಬ್ಬನ ಗ್ಯಾರೇಜಿದೆ. ನಾನು ಬಸ್ಸಿಳಿದಾಗ ಅಲ್ಲೇ ಕಾದಿದ್ದು ಜೊತೆಗೆ ಬರುತ್ತಿದ್ದಳು. ಹಾಜರಿ ಕರೆಯುವಾಗ ಒಂದೆರಡು ಸಲ ನಾನು ಸುಮ್ಮನೆ ಕೂತಿದ್ದು ಸರ್ ರೇಗಿದ ಮೇಲೆ, ನನ್ನ ಹೆಸರು ಬಂದ ಕೂಡಲೇ ಅವಳೇ ತಲೆ ತಗ್ಗಿಸಿ, ದನಿ ಬದಲಿಸಿ, "ಯೆಸ್ ಸರ್" ಎನ್ನತೊಡಗಿದಳು. ಅವಳ ಹೆಸರು ಪಟ್ಟಿಯಲ್ಲಿ ಬಹಳ ಮೊದಲೇ ಬಂದುಹೋಗುತ್ತಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಪ್ರಶ್ನೆ ಕೇಳಿದರೆ ಮೊಣಕೈಯಿಂದ ತಿವಿದು ಉತ್ತರವನ್ನು ಪುಸ್ತಕದಲ್ಲಿ ಬೆರಳಿಟ್ಟು ತೋರಿಸುತ್ತಿದ್ದಳು. ನಾನು ಆ ಸಾಲನ್ನು ಓದುತ್ತಿದ್ದೆ. ಸರ್ ಹೊಗಳುತ್ತಿದ್ದರೋ ಬೈಯುತ್ತಿದ್ದರೋ ಎಂದು ಅವರ ಹುಬ್ಬು ನೋಡಿ ತಿಳಿದುಕೊಳ್ಳುತ್ತಿದ್ದೆ.

ಮಂಗಳೂರಿಗೆ ಚಾರ್ಮಾಡಿ ಘಾಟಿಯಲ್ಲಿ ಇಳಿಯುವಾಗ ಎಲ್ಲರ ಕಿವಿಯೂ ಕಟ್ಟುತ್ತದೆ, ಕೆಳಗೆ ಮುಟ್ಟುವಾಗ ಟಪ್ಪೆಂದು ಬಿಡುತ್ತದೆ. ಚಿಕ್ಕವಳಿದ್ದಾಗಿನಿಂದ ಅದು ನನಗೆ ಇಷ್ಟ. ಆ ಸಲ ಒಂದೊಂದು ತಿರುವಿನಲ್ಲೂ ಎಂಜಲು ನುಂಗುತ್ತ, ಬಾಯಿ ಅಗಲಿಸುತ್ತ, ಈಗ ಬಿಡುತ್ತದೆ, ಈ ತಿರುವು ದಾಟಿದರೆ ಎಲ್ಲ ಒಟ್ಟಿಗೆ ಬಿಟ್ಟುಬಿಡುತ್ತದೆ ಎಂದು ಕಾದೆ. ಘಾಟಿ ಮುಗಿದು ತೆಂಗಿನ ಮರಗಳು ಬಂದವು. ಅಮ್ಮ ಏನೋ ಕೇಳಿದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಆಸ್ಪತ್ರೆಯಲ್ಲಿ ಹೊರಗಿನ ಸದ್ದು ಬಾರದ ಒಂದು ಸಣ್ಣ ಕೋಣೆಯೊಳಗೆ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕು. ಗಾಜಿನ ಆಚೆ ಪರೀಕ್ಷೆ ಮಾಡುವ ಹುಡುಗಿ ಕೂತಿದ್ದಳು, ನನಗಿಂತ ಸ್ವಲ್ಪ ದೊಡ್ಡವಳಿರಬೇಕು. ನಾನು ಅವಳ ಭುಜ ನೋಡಿಕೊಂಡು, ಅದು ಅಲುಗಿದಾಗಲೆಲ್ಲ ಗುಂಡಿ ಒತ್ತಿದೆ. ಹತ್ತನೇ ತರಗತಿಯಲ್ಲೂ ಅಷ್ಟು ಮನಸ್ಸಿಟ್ಟು ಪರೀಕ್ಷೆ ಬರೆದಿರಲಿಲ್ಲ. ಪಾಸಾದರೆ ಮನೆಗೆ ಹೋಗಬಹುದು ಎಂಬುದಷ್ಟೇ ತಲೆಯಲ್ಲಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳು ಎದ್ದು ಬಾಗಿಲು ತೆಗೆದು ಒಳಗೆ ಬಂದು ನನ್ನ ಎದುರಿಗೆ ಬಗ್ಗಿದಳು. ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಹೇಳಿದಳು.

"ನಾನು ಸದ್ದು ಕೊಡದೆ ಇದ್ದಾಗ್ಲೂ ಒತ್ತಿದ್ದೀರಿ. ಪರವಾಗಿಲ್ಲ. ಕೇಳದಿದ್ರೆ ಕೇಳಲಿಲ್ಲ ಅಂತ. ಇಲ್ಲಿ ಫೇಲ್ ಅಂತ ಇಲ್ಲ."

ಒಂದು ಮಾತೂ ತಪ್ಪಿಹೋಗಲಿಲ್ಲ. ಎಷ್ಟೋ ತಿಂಗಳ ಮೇಲೆ ಒಬ್ಬರ ಮಾತು ಪೂರ್ತಿ ಸಿಕ್ಕಿತ್ತು. ನನಗೆ ಅಳು ಬಂತು. ಅವಳು ಗಾಜಿಗೆ ಪರದೆ ಎಳೆದು ಪರೀಕ್ಷೆಯನ್ನು ಮೊದಲಿನಿಂದ ಶುರು ಮಾಡಿದಳು. ಈ ಸಲ ನಾನು ಕತ್ತಲಲ್ಲಿ ಕೂತ ಹಾಗೆ ಕೂತಿದ್ದೆ, ಗುಂಡಿ ಒತ್ತುವ ಹೆಬ್ಬೆರಳು ಸುಮ್ಮನೆ ಇತ್ತು. ಆ ಸುಮ್ಮನಿರುವಿಕೆಯಿಂದ ಆದಷ್ಟು ಭಯ ನನಗೆ ಅದುವರೆಗೆ ಯಾವತ್ತೂ ಆಗಿರಲಿಲ್ಲ.

ದೊಡ್ಡ ಡಾಕ್ಟರು ಅಮ್ಮನ ಜೊತೆ ಮಾತಾಡಿದರು, ನನ್ನ ಜೊತೆ ಅಲ್ಲ. ಅವರು ಹೇಳಿದ್ದನ್ನು ಹೊರಗೆ ಬಂದು ಅಮ್ಮ ಹೇಳಿದಳು. ಒಳಕಿವಿಯ ನರ ಸೊರಗುತ್ತಿದೆ. ಯಾಕೆಂದು ಗೊತ್ತಿಲ್ಲ. ಹೋದದ್ದು ಬರುವುದಿಲ್ಲ, ಉಳಿದದ್ದು ಉಳಿಯಬಹುದು, ಇಲ್ಲದಿದ್ದರೆ ಅದೂ ಹೋಗಬಹುದು. ಎರಡೂ ಕಿವಿಗೆ ಮಿಷನ್ ಹಾಕಬೇಕು. ಅಮ್ಮ ಡಾಕ್ಟರನ್ನು ಕೇಳಿದ್ದು ಒಂದೇ ಪ್ರಶ್ನೆಯಂತೆ: "ಕೂದ್ಲು ಬಿಟ್ರೆ ಕಾಣಲ್ಲ ಅಲ್ವಾ ಡಾಕ್ಟ್ರೇ?"

ಅಪ್ಪನಿಗೆ ವಿಷಯ ಹೇಳಿದಾಗ ಅವರಿಗೆ ಮೊದಲು ಕಾಲೇಜಿನದೇ ಚಿಂತೆ ಹತ್ತಿತು. ನಮ್ಮ ಎಸ್ಟೇಟಿನಲ್ಲಿ ಹಿಂದೆ ಪಲ್ಪರಿಗೆ ಬೆರಳು ಸಿಕ್ಕಿಸಿಕೊಂಡ ಒಬ್ಬರಿದ್ದರು. ಗಾಯ ಮಾಯ್ದ ಮೇಲೆ ಎಸ್ಟೇಟಿನ ಲೆಕ್ಕ ನೋಡುವ ರೈಟರು ಅವರನ್ನು ಕರೆದು, ನಿಮಗೆ ಇನ್ನು ಈ ಕೆಲಸ ಆಗುವುದಿಲ್ಲ ಎಂದು ಕೈ ಮುಗಿದು ಕಳಿಸಿದ್ದರು. ಅಪ್ಪನಿಗೆ ಲೋಕದ ವ್ಯವಹಾರ ಗೊತ್ತಿದ್ದದ್ದು ಹಾಗೆ. ಕಾಲೇಜೂ ಹಾಗೇ ಎಂದು ಅವರು ತಿಳಿದಿದ್ದರು.

"ಕಾಲೇಜಲ್ಲಿ ಎಂತದೂ ಹೇಳ್ಬೇಡ ಮಗಾ," ಎಂದು ನನ್ನ ಮುಂದೆ ಕೂತು, ತುಟಿ ಕಾಣುವ ಹಾಗೆ ಬಿಡಿಸಿ ಹೇಳಿದರು. "ಗೊತ್ತಾದ್ರೆ ಹೆಸ್ರು ತೆಗ್ದು ಮನೆಗೆ ಕಳಿಸ್ತಾರೆ. ಪರೀಕ್ಷೆ ಮುಗಿಯೋ ತನ್ಕ ಹೆಂಗಾರೂ ದಾಟ್ಸು."

ನಾನೂ ಹಾಗೆಯೇ ನಂಬಿದ್ದೆ. ಆದ್ದರಿಂದ ನನ್ನ ಭಯ ಎರಡಾಯಿತು. ಉಳಿದ ಕಿವಿ ಹೋದರೆ ಎಂಬುದು ಒಂದು. ಅದಕ್ಕೆ ಮೊದಲೇ ಯಾರಿಗಾದರೂ ಗೊತ್ತಾಗಿ, ನಾನು ಲೈನ್ ಮನೆಯ ಮೂಲೆಯಲ್ಲಿ ಕಾಳು ಆರಿಸುತ್ತ ಕೂರುವ ಹಾಗಾದರೆ ಎಂಬುದು ಇನ್ನೊಂದು. ಅಪ್ಪ ಹೇಗೋ ಹೊಂದಿಸಿ ಮಿಷನ್ ಕೊಡಿಸಿದರು. ಮೊದಲು ಹಾಕಿದ ದಿನ ಸ್ಟೀಲ್ ತಟ್ಟೆ ಇಟ್ಟ ಸದ್ದಿಗೆ ಬೆಚ್ಚಿ ಗೋಡೆಗೆ ಒರಗಿದ್ದೆ. ಮನೆಯಲ್ಲಿ ಹಾಕಿಕೊಳ್ಳುತ್ತಿದ್ದೆ. ಕಾಲೇಜಿಗೆ ಹೋಗುವಾಗ ಕೂದಲು ಇಳಿಬಿಟ್ಟು ಹಾಕಿಕೊಂಡರೂ ಬಸ್ಸಿನಲ್ಲಿ ಯಾರಾದರೂ ದಿಟ್ಟಿಸಿದರೆ ತೆಗೆದು ಪರ್ಸಿನೊಳಗೆ ಇಡುತ್ತಿದ್ದೆ. ಅಷ್ಟರಲ್ಲಿ ರಜೆ ಮುಗಿದ ಮೇಲೆ ಇಂಟರ್ನಲ್ಸ್ ಎಂಬ ಸುದ್ದಿ ಬಂತು. ಸೆಮಿನಾರ್ ಇತ್ತು, ಎದುರಿಗೆ ನಿಲ್ಲಿಸಿ ಪ್ರಶ್ನೆ ಕೇಳುವ ವೈವಾ ಇತ್ತು. ವೈವಾ ದಿನ ಫರ್ಜಾನಾ ಪಕ್ಕದಲ್ಲಿರುವುದಿಲ್ಲ.

ಈಗ ತೋಟದ ವಿಷಯಕ್ಕೆ ಬರಬೇಕು.

ಕಾಫಿ ಗಿಡಗಳ ನಡುವೆ ನಿಂತರೆ ಪಕ್ಕದ ಸಾಲಿನವರೂ ಕಾಣುವುದಿಲ್ಲ. ಅದಕ್ಕೇ ಕೊಯ್ಲಿನ ದಿನಗಳಲ್ಲಿ ಮೇಸ್ತ್ರಿ ಆಗಾಗ ರಸ್ತೆಯಲ್ಲಿ ನಿಂತು ಒಂದು ಉದ್ದನೆಯ ಕೂ ಹಾಕುತ್ತಾರೆ. ಒಳಗಿದ್ದವರು ಒಬ್ಬೊಬ್ಬರಾಗಿ ತಿರುಗಿ ಕೂ ಹಾಕಬೇಕು. ಯಾರ ಕೂ ಬಂತು, ಯಾರದ್ದು ಬಾಕಿ ಎಂದು ಸೋಮಣ್ಣನಿಗೆ ದನಿಯಲ್ಲೇ ಗೊತ್ತಾಗುತ್ತದೆ. ಬಾಕಿ ಉಳಿದರೆ ಕೆಲಸ ನಿಲ್ಲಿಸಿ ಹುಡುಕುತ್ತಾರೆ. ಆನೆಗಳು ಬರಲು ಶುರುವಾದ ಮೇಲೆ ಇದು ಇನ್ನೂ ಬಿಗಿಯಾಗಿದೆ. ಆನೆ ಹತ್ತಿರದಲ್ಲಿದೆ ಎಂದು ಅರಣ್ಯ ಇಲಾಖೆಯವರ ಮೆಸೇಜು ಬಂದರೆ, ಸೋಮಣ್ಣ ಮೇಲಿಂದ ಮೇಲೆ ಕೂ ಹಾಕುತ್ತಾರೆ. ಎಲ್ಲರೂ ಉತ್ತರ ಕೊಟ್ಟು, ಹಣ್ಣಿನ ಚೀಲ ಇದ್ದಲ್ಲೇ ಬಿಟ್ಟು ರಸ್ತೆಗೆ ಬರಬೇಕು. ತಿರುಗಿ ಕೂ ಹಾಕಿದವರು ಬರುತ್ತಿದ್ದಾರೆ ಎಂದೇ ಅರ್ಥ, ಅವರನ್ನು ಯಾರೂ ಹುಡುಕುವುದಿಲ್ಲ.

ರಜೆಯಲ್ಲಿ ನಾನೂ ಅಮ್ಮನ ಜೊತೆ ಹಣ್ಣು ಕೊಯ್ಯಲು ಹೋಗುತ್ತಿದ್ದೆ. ಆ ವರ್ಷವೂ ಹೋದೆ. ತಲೆಗೆ ಬಟ್ಟೆ ಕಟ್ಟಿ ಬೆವರುವ ಕೆಲಸ, ಬೆಳಿಗ್ಗೆ ಎಲೆಯೆಲ್ಲ ಇಬ್ಬನಿ. ಮಿಷನ್ ನೆನೆದು ಹಾಳಾದೀತೆಂದು ಅಮ್ಮ ಅದನ್ನು ಮನೆಯ ಅಕ್ಕಿ ಡಬ್ಬಿಯೊಳಗೆ ಇಡಿಸುತ್ತಿದ್ದಳು. ಅದಿಲ್ಲದೆ ಕೂ ಕೇಳುವಷ್ಟು ಕಿವಿ ಆಗ ನನಗೆ ಉಳಿದಿರಲಿಲ್ಲ. ಅಮ್ಮ ಎದುರಿಗಿದ್ದಾಗ ಅವಳು ಬಾಯಿಗೆ ಕೈ ಅಡ್ಡ ಇಟ್ಟು ಕೂ ಹಾಕುವುದನ್ನು ನೋಡಿ ನಾನೂ ಹಾಕುತ್ತಿದ್ದೆ. ಅವಳು ಕಾಣದಿದ್ದಾಗ ಹಾಕುತ್ತಿರಲಿಲ್ಲ. ಆದರೂ ಯಾರೂ ನನ್ನನ್ನು ಹುಡುಕಿಕೊಂಡು ಬರಲಿಲ್ಲ. ಯಾಕೆ ಎಂದು ನಾನು ಯೋಚನೆ ಮಾಡಲಿಲ್ಲ, ಬಚಾವಾದೆ ಎಂದಷ್ಟೇ ಅಂದುಕೊಂಡೆ.

ಅವತ್ತು ನನ್ನ ಸಾಲಿನ ಹಣ್ಣು ಬೇಗ ಮುಗಿಯಿತು. ಇಳಿಜಾರು ಬಳಸಿ ಕೆಳಗಿನ ಸಾಲಿಗೆ ಹೋದೆ. ಅಮ್ಮನಿಗೆ ಹೇಳಿ ಹೋದೆ, ಆದರೆ ಅವಳು ಆಗ ಆ ಕಡೆ ಮುಖ ಮಾಡಿ ಪಕ್ಕದವರ ಜೊತೆ ಮಾತಾಡುತ್ತಿದ್ದಳು. ನನ್ನ ದನಿ ಈಗ ಎಷ್ಟು ಗಟ್ಟಿ ಬರುತ್ತದೆ, ಎಷ್ಟು ಮೆಲ್ಲಗೆ ಬರುತ್ತದೆ ಎಂದು ನನಗೇ ಗೊತ್ತಾಗುವುದಿಲ್ಲ.

ಕೆಳಗೆ ಹಣ್ಣು ದಂಡಿಯಾಗಿತ್ತು. ಕೊಂಬೆ ಬಗ್ಗಿಸಿ ಕೊಯ್ಯುತ್ತ ಕೊಯ್ಯುತ್ತ ಎಷ್ಟು ಹೊತ್ತಾಯಿತೋ. ಮೊದಲು ವಾಸನೆ ಬಂತು. ಹಸಿ ಸೊಪ್ಪು, ಲದ್ದಿ, ಕೆಸರು ಎಲ್ಲ ಸೇರಿದ ವಾಸನೆ. ತಲೆ ಎತ್ತಿದೆ. ಮುಂದಿನ ಹಲಸಿನ ಮರದ ಹತ್ತಿರ ಹಿಂದೆ ಇರದ ಒಂದು ಬಂಡೆ ಇತ್ತು. ಬಂಡೆ ಉಸಿರಾಡುತ್ತಿತ್ತು.

ಆನೆ ಸೊಂಡಿಲು ಎತ್ತಿ ಹಲಸಿನ ಕೊಂಬೆ ಹಿಡಿದು ಎಳೆಯಿತು. ನನ್ನ ತೊಡೆಗಿಂತ ದಪ್ಪದ ಕೊಂಬೆ ಅಗಲವಾಗಿ ಸೀಳಿ, ಬಿಳಿ ಬಿಳಿ ನಾರು ಬಿಟ್ಟುಕೊಂಡು, ಗಿಡಗಳ ಮೇಲೆ ಬಿತ್ತು. ನನ್ನ ಕಿವಿಯಲ್ಲಿ ಇದ್ದದ್ದು ಅದೇ ಗುಂಯ್ ಮಾತ್ರ. ಅಷ್ಟು ದೊಡ್ಡದೊಂದು ಮುರಿದು ಬಿದ್ದರೂ ಸದ್ದೇ ಇಲ್ಲ. ಬಿದ್ದ ಅದುರು ಮಾತ್ರ ಪಾದದಲ್ಲಿ ಬಂತು. ಕಿವಿ ಕೇಳುವುದಿಲ್ಲ ಎಂದರೆ ಏನೆಂದು ನನಗೆ ಆ ಡಾಕ್ಟರ ಹತ್ತಿರ ಅರ್ಥವಾಗಿರಲಿಲ್ಲ, ಅಲ್ಲಿ ಅರ್ಥವಾಯಿತು.

ಸಿಲ್ವರ್ ಓಕ್ ಮರದ ಹಿಂದೆ, ಮೆಣಸಿನ ಬಳ್ಳಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತೆ. ಬೇರೆಯವರಿಗೆ ಹೆದರಿಕೆಯಾದಾಗ ಕಣ್ಣು ಮುಚ್ಚಿಕೊಳ್ಳಬಹುದು, ಹತ್ತಿರ ಬಂತೇ ದೂರ ಹೋಯಿತೇ ಎಂದು ಕಿವಿ ಹೇಳುತ್ತದೆ. ನಾನು ಮುಚ್ಚುವ ಹಾಗಿರಲಿಲ್ಲ. ರೆಪ್ಪೆ ಬಡಿಯಲೂ ಹೆದರಿ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನನ್ನ ಉಸಿರು ಜೋರಾಗಿದೆಯೇ, ನಾನು ಅಳುತ್ತಿರುವುದು ಕೇಳಿಸುತ್ತಿದೆಯೇ, ಅದೂ ತಿಳಿಯುತ್ತಿರಲಿಲ್ಲ. ಬಟ್ಟೆಯ ತುದಿ ಬಾಯಿಗೆ ತುರುಕಿಕೊಂಡೆ. ಎಲ್ಲರೂ ಎಲ್ಲಿ ಹೋದರು? ಯಾಕೆ ಯಾರೂ ನನ್ನನ್ನು ಹುಡುಕುತ್ತಿಲ್ಲ? ನನ್ನ ಕೂ ಬಾಕಿ ಇದೆಯಲ್ಲ, ಅದು ಸೋಮಣ್ಣನಿಗೆ ಗೊತ್ತಾಗಲಿಲ್ಲವೇ?

ಆಮೇಲೆ ಆನೆ ಸೊಪ್ಪು ಬಿಟ್ಟು ನಿಂತಿತು. ಅದರ ಎರಡೂ ಕಿವಿ ನಿಧಾನಕ್ಕೆ ಅಗಲವಾಗಿ ತೆರೆದುಕೊಂಡು, ತಲೆ ರಸ್ತೆಯ ಕಡೆಗೆ ತಿರುಗಿತು. ಏನನ್ನೋ ಕೇಳಿಸಿಕೊಳ್ಳುತ್ತಿತ್ತು. ಅದರ ಕಿವಿ ನೋಡಿ ನನಗೆ ತಿಳಿಯಿತು, ಮೇಲೆ ಯಾರೋ ಕೂಗುತ್ತಿದ್ದಾರೆ, ನನ್ನನ್ನೇ ಕೂಗುತ್ತಿದ್ದಾರೆ. ತಗಡು ಬಡಿದರೋ ಪಟಾಕಿ ಹೊಡೆದರೋ, ಆನೆ ಇನ್ನೊಂದು ಸಲ ಕಿವಿ ಬೀಸಿ, ಗಿಡಗಳನ್ನು ಎರಡು ಕಡೆಗೆ ಮಲಗಿಸಿಕೊಂಡು ಹಳ್ಳದ ಕಡೆ ಇಳಿದು ಹೋಯಿತು. ಅದು ಹೋದ ಎಷ್ಟೋ ಹೊತ್ತಿನ ಮೇಲೂ ನನಗೆ ಏಳಲಾಗಲಿಲ್ಲ. ಸೋಮಣ್ಣ ಬಂದು ಭುಜ ಮುಟ್ಟಿದಾಗ ನಾನು ಕಿರುಚಿದೆನಂತೆ.

ರಸ್ತೆಯಲ್ಲಿ ಎಲ್ಲರೂ ನಿಂತಿದ್ದರು. ಅಮ್ಮ ಮಣ್ಣಿನ ಮೇಲೆ ಕೂತಿದ್ದಳು. ಏನಾಯಿತೆಂದು ಆಮೇಲೆ ಗೊತ್ತಾಯಿತು. ಮೆಸೇಜು ಬಂದು ಸೋಮಣ್ಣ ಕೂ ಹಾಕಿದಾಗ ಅಮ್ಮ ತನ್ನ ಕೂ ಹಾಕಿದಳು. ನಾನು ಹಿಂದಿನ ಗಿಡದಲ್ಲೇ ಇದ್ದೇನೆಂದುಕೊಂಡು, ದನಿ ಸಣ್ಣ ಮಾಡಿ, ನನ್ನದನ್ನೂ ಹಾಕಿದಳು. ಕೊಯ್ಲು ಶುರುವಾದ ದಿನದಿಂದ, ನನ್ನದು ಬರದಾಗಲೆಲ್ಲ, ಅವಳು ಹಾಗೆ ಮಾಡುತ್ತಿದ್ದಳಂತೆ. ನನಗೆ ಕೂ ಕಲಿಸಿದವಳೇ ಅವಳು, ನನ್ನದು ಯಾವುದು ಅವಳದು ಯಾವುದು ಎಂದು ಸೋಮಣ್ಣನಿಗೂ ಗೊತ್ತಾಗಲಿಲ್ಲ. ಹಾಗಾಗಿ ಎಲ್ಲರ ಕೂ ಬಂತು ಎಂದು ಅವರು ನಿಶ್ಚಿಂತೆಯಾಗಿ ರಸ್ತೆಯಲ್ಲಿ ನಿಂತಿದ್ದರು. ಅಮ್ಮ ತಿರುಗಿ ನೋಡಿದಾಗ ಗಿಡದ ಹಿಂದೆ ನಾನಿಲ್ಲ. ಮುಂದೆ ಹೋಗಿರಬೇಕೆಂದು ಅಮ್ಮ ರಸ್ತೆಗೆ ಓಡಿದಳು. ಅಲ್ಲೂ ಇಲ್ಲ. ಆಗ ಎಲ್ಲರ ಮುಂದೆ ಹೇಳಿದಳಂತೆ, "ಸೋಮಣ್ಣಾ, ಅವಳ ಕೂ ನಾನೇ ಹಾಕಿದ್ದು. ಅವಳಿಗೆ ಕಿವಿ ಕೇಳಲ್ಲ."

ಸೋಮಣ್ಣ ಬೈಯಲಿಲ್ಲ. ಸಂಜೆ ನಮ್ಮ ಮನೆಗೆ ಬಂದು ಕಾಫಿ ಕುಡಿದು, ಲೋಟ ಕೆಳಗಿಟ್ಟು ಹೇಳಿದರು. ಆಗ ಮಿಷನ್ ಹಾಕಿಕೊಂಡಿದ್ದೆ, ನನಗೂ ಕೇಳಿಸಿತು.

"ಲಲಿತಾ, ಅವಳದ್ದು ಬರದೆ ಇದ್ರೆ ನಾವು ಬಿದ್ದೂ ಎದ್ದೂ ಹುಡುಕ್ತೇವೆ. ನೀನು ಹಾಕಿಬಿಟ್ರೆ ಹುಡ್ಕದು ಯಾರನ್ನ? ಇನ್ನು ಮೇಲೆ ನಿನ್ನ ಬಾಯಿ ಕಟ್ಟು ಮಾರಾಯ್ತಿ."

ಅಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಅಮ್ಮನ ಮೇಲೆ ಸಿಟ್ಟು ಬರಲಿಲ್ಲ. ಅವಳು ನನ್ನನ್ನು ಕಾಪಾಡಲು ಹಾಕಿದ ಕೂ ಅದು. ಆದರೆ ಸೋಮಣ್ಣನ ಮಾತು ಕೇಳುತ್ತಿದ್ದ ಹಾಗೆ ನನ್ನ ತಲೆಗೆ ಬಂದದ್ದು ತೋಟವಲ್ಲ, ಕ್ಲಾಸು. ಅಲ್ಲಿಯೂ ದಿನಾ ನನ್ನ ಹೆಸರಿಗೆ ಉತ್ತರ ಹೋಗುತ್ತಿತ್ತು. ನಾನು ಅಲ್ಲಿ ಇದ್ದೇನೆ, ಎಲ್ಲ ಸರಿಯಿದೆ ಎಂದು ಎಲ್ಲರೂ ನಿಶ್ಚಿಂತೆಯಾಗಿದ್ದರು. ನಾನು ಕೆಳಗಿನ ಸಾಲಿನಲ್ಲಿ ಒಬ್ಬಳೇ ಇದ್ದೆ.

ರಜೆ ಮುಗಿದ ಮೇಲೆ ಫರ್ಜಾನಾಗೆ ಹೇಳಿದೆ, ನಾಳೆಯಿಂದ ನನ್ನ ಹಾಜರಿ ಹೇಳಬೇಡ ಎಂದು. ಅವಳಿಗೆ ನೋವಾಯಿತು.

"ನಾನೆಂತ ತಪ್ಪು ಮಾಡ್ದೆ ಮಾರಾಯ್ತಿ?"

"ತಪ್ಪಲ್ಲ. ಕಾಲೇಜಲ್ಲಿ ಹೇಳ್ಬಿಡ್ತೀನಿ."

"ಕಳಿಸಿಬಿಟ್ರೆ?"

ನಾನು ಪರ್ಸಿನಿಂದ ಮಿಷನ್ ತೆಗೆದು ಅಲ್ಲೇ ಹಾಕಿಕೊಂಡೆ.

ನಮ್ಮ ಕಾಲೇಜಿನ ಕಾರಿಡಾರಿನ ಕೊನೆಗೆ ಸಮಾನ ಅವಕಾಶ ಕೋಶ ಎಂಬ ಬೋರ್ಡಿದೆ. ಎರಡು ವರ್ಷ ಅದರ ಕೆಳಗೇ ಓಡಾಡಿದ್ದೆ. ಅದು ಯಾವುದೋ ಕಮಿಟಿಯ ವಿಷಯ, ನಮಗಲ್ಲ ಎಂದುಕೊಂಡಿದ್ದೆ. ನನ್ನಂಥ ವಿದ್ಯಾರ್ಥಿಗಳ ಸಹಾಯಕ್ಕೆಂದೇ ಅದು ಇರುವುದು ಎಂದು ಗೊತ್ತಾದದ್ದು ಆಗಲೇ. ಒಳಗೆ ಮುರಿದ ಬೆಂಚು, ವಾಲಿಬಾಲ್ ನೆಟ್ಟು ತುಂಬಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ರಾಜ್ಯಶಾಸ್ತ್ರದ ಶಾರದಾ ಮೇಡಂ. ನಾನು ಹೋಗಿ ಹೇಳುತ್ತೇನೆಂದಾಗ ಅಪ್ಪ ಬೇಡವೆನ್ನಲಿಲ್ಲ, ನಾನೂ ಬರುತ್ತೇನೆಂದರು. ಬಂದವರು ಒಳಗೆ ಬರಲಿಲ್ಲ. ಗೇಟಿನ ಹೊರಗೆ ಪಿಕಪ್ ನಿಲ್ಲಿಸಿ, ಇಂಜಿನ್ ಆಫ್ ಮಾಡದೆ ಕೂತರು. ನನ್ನನ್ನು ಮನೆಗೆ ಕರೆದುಕೊಂಡು ಹೋಗಲು ಬಂದಿದ್ದರು.

ಮೇಡಂ ಮುಂದೆ ನಿಂತು ಕೂದಲು ಹಿಂದಕ್ಕೆ ಹಾಕಿ ಮಿಷನ್ ತೋರಿಸಿದೆ. ಹೆಸರು ತೆಗೆಯಬೇಡಿ ಮೇಡಂ ಎಂದೆ. ಅವರು ನನ್ನನ್ನು ನೋಡಿದರು, ಕುರ್ಚಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕೂತು ಕೇಳಿದರು, "ಈಗ ನನ್ನ ಬಾಯಿ ಕಾಣ್ತಾ ಇದೆಯಾ?"

ಕಾಣುತ್ತಿದೆ ಎಂದೆ.

"ಸರಿ. ನಿನ್ನ ಹೆಸರು ತೆಗೆಯೋ ಅಧಿಕಾರ ಇಲ್ಲಿ ಯಾರಿಗೂ ಇಲ್ಲ. ನಿನಗೆ ಏನೇನು ಬೇಕು ಹೇಳು."

ಏನು ಬೇಕು ಎಂದು ನನಗೆ ಗೊತ್ತಿರಲಿಲ್ಲ. ಅವರಿಗೂ ಪೂರ್ತಿ ಗೊತ್ತಿರಲಿಲ್ಲ. "ಈ ಬಾಗಿಲಿಗೆ ಬಂದ ಮೊದಲನೆಯವಳು ನೀನು. ಇಬ್ಬರೂ ಸೇರಿ ಕಲಿಯೋಣ," ಎಂದರು. ಅವತ್ತು ನಾನು ಗೇಟಿಗೆ ಹೋಗಿ ಅಪ್ಪನಿಗೆ ಹ್ಞಾಂ ಎನ್ನುವ ಹಾಗೆ ತಲೆ ಆಡಿಸಿ, ಕ್ಲಾಸಿದೆ, ಸಂಜೆ ಬಸ್ಸಿಗೆ ಬರುತ್ತೇನೆ ಎಂದೆ. ಅಪ್ಪ ಇಂಜಿನ್ ಆಫ್ ಮಾಡಿ ಸ್ಟೇರಿಂಗ್ ಮೇಲೆ ಹಣೆ ಇಟ್ಟರು.

ಕಲಿತದ್ದನ್ನು ಹೇಳುತ್ತೇನೆ, ಯಾರಿಗಾದರೂ ಬೇಕಾಗಬಹುದು. ಮೊದಲ ಬೆಂಚಿಗಿಂತ ಎರಡನೆಯದು ಒಳ್ಳೆಯದು, ಕಿಟಕಿಯ ಪಕ್ಕ, ಪಾಠ ಮಾಡುವವರ ಮುಖಕ್ಕೆ ಬೆಳಕು ಬೀಳುವ ಕಡೆ. ಬೋರ್ಡಿನ ಕಡೆ ತಿರುಗಿ ಪಾಠ ಮಾಡುವ ಅಕೌಂಟ್ಸ್ ಸರ್‌ಗೆ ಮೇಡಂ ಹೇಳಿದರು. ಅವರು ಮರೆಯುತ್ತಿದ್ದರು, ಫರ್ಜಾನಾ ಡೆಸ್ಕ್ ತಟ್ಟುತ್ತಿದ್ದಳು, ಅವರು ತಿರುಗುತ್ತಿದ್ದರು. ಪಾಠದ ಟಿಪ್ಪಣಿ ಹಿಂದಿನ ದಿನವೇ ಕೊಟ್ಟರೆ ತುಟಿ ಓದುವುದು ಅರ್ಧ ಸುಲಭ. ಫೋನಿನಲ್ಲಿ ಮಾತನ್ನು ಅಕ್ಷರ ಮಾಡುವ ವ್ಯವಸ್ಥೆಯಿದೆ. ಕನ್ನಡದಲ್ಲಿ ಅದು ಆಗಾಗ ಎಲ್ಲಿಂದ ಎಲ್ಲಿಗೋ ಹೋಗುತ್ತದೆ, ಆದರೂ ಇರಲಿ. ಹಾಜರಿ ಕರೆಯುವಾಗ ನನ್ನ ಹೆಸರಿಗೆ ಸರ್ ಕೈ ಎತ್ತುತ್ತಿದ್ದರು, ನಾನು ಉತ್ತರ ಕೊಡುವವರೆಗೆ ಕಾಯುತ್ತಿದ್ದರು. ನಮ್ಮ ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸಕ್ಕೆಂದೇ ಒಬ್ಬ ಕಾರ್ಯಕರ್ತೆ ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಬಸ್ ಪಾಸು, ವಿದ್ಯಾರ್ಥಿವೇತನ ಎಲ್ಲ ಅವರು ಹೇಳಿದ್ದು. ವೈವಾವನ್ನು ಬರೆದು ಕೊಡಲು ಒಪ್ಪಿಗೆ ಬೇಕಿದ್ದರೆ ಅಂಗವೈಕಲ್ಯದ ಪ್ರಮಾಣಪತ್ರ ಬೇಕು, ಅದಕ್ಕೆ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಗೆ ಹೋಗಬೇಕು ಎಂದೂ ಅವರೇ ತಿಳಿಸಿದರು.

ಆ ಪ್ರಯಾಣವೂ ಹೆದರಿಕೆಯದೇ. ನಾನು ಚೆನ್ನಾಗಿ ಮಾತಾಡುತ್ತೇನೆ, ನಾಟಕ ಎಂದರೆ ಏನು ಗತಿ? ಅಲ್ಲಿಯೂ ಹೆಸರು ಕೂಗಿಯೇ ಕರೆಯುತ್ತಿದ್ದರು. ಅಮ್ಮ ಜೊತೆಗೆ ಬಂದಿದ್ದಳು. ನಾನು ಅವಳ ಮುಖ ನೋಡಿಕೊಂಡು ಕೂರಲಿಲ್ಲ. ಎದ್ದು ನರ್ಸ್ ಹತ್ತಿರ ಹೋಗಿ, "ನಂಗೆ ಕೇಳ್ಸಲ್ಲ ಸಿಸ್ಟರ್, ನನ್ನ ಹೆಸ್ರು ಬಂದಾಗ ಕೈ ತೋರ್ಸಿ," ಎಂದೆ. ಜೋರಾಗಿ ಹೇಳಿದೆನೆಂದು ಕಾಣುತ್ತದೆ, ಎಲ್ಲರೂ ತಿರುಗಿ ನೋಡಿದರು. ನರ್ಸ್ ಕೈ ತೋರಿಸುವುದನ್ನು ಮರೆತರು. ನೆನಪಾದ ಮೇಲೆ ಓಡಿಬಂದು ನನ್ನ ಭುಜ ತಟ್ಟಿ ಕರೆದುಕೊಂಡು ಹೋದರು. ಪರೀಕ್ಷೆಯ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಈ ಸಲ ಕೇಳಿದ್ದಕ್ಕೆ ಮಾತ್ರ ಒತ್ತಿದೆ.

ಪ್ರಮಾಣಪತ್ರ ಸಿಕ್ಕಿತು, ವೈವಾ ಬರೆದು ಕೊಟ್ಟೆ, ಕೊನೆಯ ವರ್ಷ ಮುಗಿಸಿ ಡಿಗ್ರಿ ಪಾಸಾದೆ. ಎಂ.ಕಾಂ.ಗೆ ಅರ್ಜಿ ಹಾಕಿದ್ದೇನೆ. ಹೆದರಿಕೆ ಹೋಗಿಲ್ಲ. ಕಳೆದ ಸಲದ ಪರೀಕ್ಷೆಯಲ್ಲಿ ಎಡಗಿವಿ ಇನ್ನಷ್ಟು ಇಳಿದಿದೆ. ಬೆಳಿಗ್ಗೆ ಎದ್ದ ಕೂಡಲೇ ಮಿಷನ್ ಹಾಕಿ, ಕಿವಿಯ ಹತ್ತಿರ ಚಿಟಿಕೆ ಹೊಡೆದು ನೋಡುತ್ತೇನೆ, ಬಲಗಡೆ ಸಣ್ಣಗೆ ಏನೋ ಬಂದರೆ ಹಲ್ಲುಜ್ಜಲು ಏಳುತ್ತೇನೆ.

ಮೊನ್ನೆಯ ಕೊಯ್ಲಿಗೂ ಹೋಗಿದ್ದೆ. ಸೋಮಣ್ಣ ನನಗೆಂದೇ ಒಂದು ಕಟ್ಟಳೆ ಮಾಡಿದ್ದಾರೆ. ಅವರು ಕೂಗುವವರೆಗೆ ನಾನು ಕಾಯಬಾರದು, ಒಂದೊಂದು ಗಿಡ ಮುಗಿದ ಹಾಗೂ ನನ್ನ ಕೂ ನಾನೇ ಮೊದಲು ಹಾಕಬೇಕು. ಕೆಳಗಿನ ಬ್ಲಾಕಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಫೋನು ಅದುರುವುದೂ ಇಲ್ಲ, ಆದ್ದರಿಂದ ಬೇರೆ ದಾರಿಯಿಲ್ಲ. ಒಂದು ಗಿಡದಲ್ಲಿ ಹಣ್ಣು ಹೆಚ್ಚಿತ್ತು, ನಾನು ತಡಮಾಡಿದೆ. ಚೀಲ ಎಳೆದುಕೊಂಡು ಗಿಡ ಬಳಸಿ ಈಚೆ ಬಂದಾಗ ಪಕ್ಕದ ಸಾಲಿನ ಸಂದಿಯಲ್ಲಿ ಅಮ್ಮ ಕಂಡಳು. ಅವಳು ನನ್ನನ್ನು ನೋಡಿರಲಿಲ್ಲ. ಕೊಯ್ಯುವುದನ್ನು ನಿಲ್ಲಿಸಿ, ಎರಡೂ ಕೈಯಿಂದ ಬಾಯಿ ಬಿಗಿಯಾಗಿ ಒತ್ತಿಕೊಂಡು, ನಾನಿದ್ದ ಗಿಡದ ಕಡೆ ನೋಡುತ್ತ ನಿಂತಿದ್ದಳು. ಸೋಮಣ್ಣನ ಕೂ ಬಂದು ಹೋಗಿದೆ, ಎಲ್ಲರೂ ಉತ್ತರ ಕೊಟ್ಟಾಗಿದೆ, ಬಾಕಿ ಇರುವುದು ನನ್ನದು ಮಾತ್ರ ಎಂದು ಅವಳ ಮುಖದಲ್ಲಿ ತಿಳಿಯಿತು.

ನಾನು ತಲೆ ಎತ್ತಿ ಕೂ ಹಾಕಿದೆ. ಎಷ್ಟು ಗಟ್ಟಿಯಾಗಿ ಬಂತೋ ನನಗೆ ಗೊತ್ತಾಗಲಿಲ್ಲ. ಅಮ್ಮ ಬಾಯಿಯಿಂದ ಕೈ ತೆಗೆದಳು.